ನಿಮ್ಮ ನಾಯಿ ಕೆರೆದುಕೊಳ್ಳುತ್ತಿದೆಯೇ?

ನಮ್ಮ ಮಾತಿನಲ್ಲಿ 'ಕಜ್ಜಿನಾಯಿ' ಅನ್ನುವುದು ಬಹಳ ಕೆಟ್ಟ ಬೈಗುಳ. ಬೈಸಿಕೊಂಡ ಮನುಷ್ಯ ಎರಡು ದಿನದಲ್ಲಿ ಅದನ್ನು ಮರೆತಾನು. ಆದರೆ ನಿಜವಾಗಿಯೂ ಕಜ್ಜಿಯಾದ ನಾಯಿಯ ಪಾಡೇನು ಹೇಳಿ? ನಿನ್ನೆಯವರೆಗೆ ಜಗಲಿಯಲ್ಲಿ ಮಕ್ಕಳ ಪಕ್ಕ ಮಲಗಿದ್ದದ್ದು ಇವತ್ತು ಗೇಟಿನಿಂದ ಆಚೆ. ತಲೆ ಸವರುತ್ತಿದ್ದ ಕೈಯಲ್ಲಿ ಈಗ ಕೋಲು. ನಾಲ್ಕು ದಿನ ಕಳೆದರೆ, "ಮನೇಲಿ ಚಿಕ್ಕ ಮಕ್ಕಳಿದ್ದಾರೆ, ಎಲ್ಲಾದರೂ ದೂರ ಬಿಟ್ಟು ಬನ್ನಿ" ಎಂದು ಹಿರಿಯರ ಅಪ್ಪಣೆ. ಗೋಣಿಚೀಲ, ಆಟೋರಿಕ್ಷಾ, ಊರಾಚೆಯ ಹೆದ್ದಾರಿ, ಅಲ್ಲಿಗೆ ಕಥೆ ಮುಗಿಯಿತು.

ಸೋದರಿಯರೇ, ಹೀಗೆ ಹೊರಬಿದ್ದ ಎಷ್ಟೋ ನಾಯಿಗಳ ಕಾಯಿಲೆ ಒಂದೆರಡು ತಿಂಗಳಲ್ಲಿ ವಾಸಿಯಾಗುವಂಥದ್ದು. ನಾವು ಅದನ್ನು ಕಂಡುಹಿಡಿಯುವ ಮೊದಲೇ ಸಿಕ್ಕಿದ್ದನ್ನೆಲ್ಲ ಹಚ್ಚಿ ಹದಗೆಡಿಸುತ್ತೇವೆ. ಕಡೆಗೆ "ಇದು ವಾಸಿಯಾಗೋದಲ್ಲ ಬಿಡಿ" ಅಂದುಬಿಡುತ್ತೇವೆ. ನಾನು ಪಶುವೈದ್ಯೆಯಲ್ಲ, ಮೂರು ಹೊತ್ತು ಅಡುಗೆ ಮಾಡುವ ಗೃಹಿಣಿ. ಆದರೆ ಸಾಗರದಂಥ ಮಳೆ ಊರಿನಲ್ಲಿ ಇಪ್ಪತ್ತು ವರ್ಷದಿಂದ ನಾಯಿ ಸಾಕಿದ್ದೇನೆ. ಆ ಅನುಭವದ ಜೊತೆಗೆ ವೈದ್ಯರನ್ನು ಕೇಳಿ ತಿಳಿದದ್ದನ್ನೂ ಸೇರಿಸಿ ನಿಮ್ಮ ಮುಂದಿಡುತ್ತಿದ್ದೇನೆ.

ಕೆರೆತ ಒಂದೇ, ಕಾರಣ ಹತ್ತು

ಮೊದಲು ಒಂದು ಮಾತು ಮನಸ್ಸಿನಲ್ಲಿರಲಿ. ಕೆರೆತ ಅನ್ನುವುದೇ ಒಂದು ರೋಗವಲ್ಲ. ಮಗು ಅತ್ತರೆ ಹಸಿವೋ, ಹೊಟ್ಟೆನೋವೋ, ಇರುವೆ ಕಚ್ಚಿತೋ ಅಂತ ನಾವು ಹುಡುಕುವುದಿಲ್ಲವೇ? ಅಳುವ ಮಕ್ಕಳಿಗೆಲ್ಲ ಒಂದೇ ಔಷಧ ಕುಡಿಸುತ್ತೇವೆಯೇ? ನಾಯಿಯ ಕೆರೆತವೂ ಹಾಗೆಯೇ. ಚಿಗಟ, ಉಣುಗು, ಕಣ್ಣಿಗೆ ಕಾಣದ ಕಜ್ಜಿಹುಳು, ಬೂಷ್ಟು, ಕೀವು, ತಿಂದ ಆಹಾರ, ಉಸಿರಾಡಿದ ದೂಳು, ಇವೆಲ್ಲವೂ ಕೆರೆತ ತರುತ್ತವೆ. ಒಂದಕ್ಕೆ ಅಮೃತವಾದ ಔಷಧ ಇನ್ನೊಂದಕ್ಕೆ ವಿಷವಾದೀತು.

ಕಾರಣ ಕಂಡುಹಿಡಿಯಲು ವೈದ್ಯರಿಗೆ ಬೇಕಾದ ಅರ್ಧ ಸುಳಿವು ನಿಮ್ಮ ಹತ್ತಿರವೇ ಇರುತ್ತದೆ. ವೈದ್ಯರು ನಾಯಿಯನ್ನು ನೋಡುವುದು ಹತ್ತು ನಿಮಿಷ, ನೀವು ನೋಡುವುದು ದಿನವಿಡೀ. ಆದ್ದರಿಂದ ಏನನ್ನೂ ಹಚ್ಚುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ.

ಎಲ್ಲಿ ಕೆರೆದುಕೊಳ್ಳುತ್ತದೆ? ಯಾವಾಗ ಕೆರೆದುಕೊಳ್ಳುತ್ತದೆ? ಇನ್ನು ಯಾರಿಗೆ ಕೆರೆತ ಇದೆ?

ಎಲ್ಲಿ?

ಸೊಂಟ, ಬಾಲದ ಬುಡ, ತೊಡೆಯ ಹಿಂಭಾಗ. ಅಲ್ಲಿಯೇ ಕಚ್ಚಿಕೊಳ್ಳುತ್ತಿದ್ದರೆ ಮೊದಲ ಅನುಮಾನ ಚಿಗಟದ ಮೇಲೆ. "ನಾನು ನೋಡಿದೆ, ಒಂದೂ ಚಿಗಟ ಕಾಣಲಿಲ್ಲ" ಅನ್ನುತ್ತೀರಿ. ಚಿಗಟದ ಎಂಜಲಿಗೆ ಅಲರ್ಜಿ ಇರುವ ನಾಯಿಗೆ ಮೈತುಂಬ ಚಿಗಟ ಬೇಕಿಲ್ಲ, ಎರಡು ಮೂರು ಕಚ್ಚಿದರೂ ಸಾಕು, ದಿನಗಟ್ಟಲೆ ಕೆರೆಯುತ್ತದೆ. ಒಂದು ಸುಲಭ ಪರೀಕ್ಷೆ ಹೇಳುತ್ತೇನೆ. ಒದ್ದೆ ಮಾಡಿದ ಬಿಳಿ ಬಟ್ಟೆ ಹಾಸಿ, ಅದರ ಮೇಲೆ ಹೇನಿನ ಬಾಚಣಿಗೆಯಿಂದ ನಾಯಿಯ ಸೊಂಟವನ್ನು ಬಾಚಿ. ಕರಿಮೆಣಸಿನ ಪುಡಿಯಂಥ ಕಣಗಳು ಉದುರಿ, ಒದ್ದೆಯಲ್ಲಿ ಕೆಂಪು ಮಿಶ್ರಿತ ಕಂದು ಬಣ್ಣ ಬಿಟ್ಟರೆ ಅದು ಮಣ್ಣಲ್ಲ, ರಕ್ತ ಕುಡಿದ ಚಿಗಟದ ಹಿಕ್ಕೆ.

ಕಿವಿಯ ಅಂಚು, ಮೊಣಕೈ, ಹಿಂಗಾಲಿನ ಗಂಟು, ಹೊಟ್ಟೆ. ಇಲ್ಲಿ ಕೂದಲು ಉದುರಿ, ಹೊಪ್ಪಳೆಗಟ್ಟಿ, ನಾಯಿ ರಾತ್ರಿ ಹಗಲು ನಿದ್ದೆಯಿಲ್ಲದೆ ಕೆರೆದುಕೊಂಡರೆ ಅಂಟು ಕಜ್ಜಿ ಇರಬಹುದು. ಚರ್ಮದ ಒಳಗೆ ಸುರಂಗ ಕೊರೆಯುವ ಸಾರ್ಕಾಪ್ಟಿಸ್ ಎಂಬ ಹುಳು ಇದರ ಮೂಲ. ನಾಯಿಯ ಕಿವಿಯ ಅಂಚನ್ನು ಎರಡು ಬೆರಳಲ್ಲಿ ಮೆಲ್ಲಗೆ ಉಜ್ಜಿ ನೋಡಿ. ಕೂಡಲೇ ಹಿಂಗಾಲು ತಾನಾಗಿ ಕೆರೆಯುವಂತೆ ಆಡತೊಡಗಿದರೆ ಅನುಮಾನ ಇನ್ನಷ್ಟು ಗಟ್ಟಿ. ಇದನ್ನೂ ವೈದ್ಯರಿಗೆ ಹೇಳಿ. ಆಮೇಲೆ ಸೋಪು ಹಾಕಿ ಕೈ ತೊಳೆಯುವುದನ್ನು ಮಾತ್ರ ಮರೆಯಬೇಡಿ.

ಕಣ್ಣಿನ ಸುತ್ತ, ಬಾಯಿಯ ಪಕ್ಕ, ಮುಂಗಾಲಿನ ಮೇಲೆ. ಮರಿನಾಯಿಗೆ ಇಲ್ಲಿ ತೇಪೆ ತೇಪೆಯಾಗಿ ಕೂದಲು ಹೋಗಿ, ಕೆರೆತ ಅಷ್ಟಾಗಿ ಇಲ್ಲದಿದ್ದರೆ ಅದು ಡೆಮೊಡೆಕ್ಸ್ ಎಂಬ ಬೇರೆ ಹುಳುವಿನ ಕೆಲಸ ಇರಬಹುದು. ಹುಟ್ಟಿದ ಮೊದಲ ದಿನಗಳಲ್ಲಿ ತಾಯಿಯ ಮೊಲೆ ಉಣ್ಣುವಾಗ ಇದು ಮರಿಗೆ ಬರುತ್ತದೆ. ಬಹುಪಾಲು ನಾಯಿಗಳ ಚರ್ಮದಲ್ಲಿ ಸುಮ್ಮನೆ ಇರುತ್ತದೆ, ಮೈಯ ಶಕ್ತಿ ಕುಗ್ಗಿದಾಗ ಮಾತ್ರ ಹೆಚ್ಚುತ್ತದೆ. ಇದು ಮನುಷ್ಯರಿಗೆ ಅಂಟುವುದಿಲ್ಲ. ನೋಡಲು ಭಯಂಕರ ಅನ್ನಿಸಿದರೂ ಈ ಮರಿಯನ್ನು ಮಕ್ಕಳಿಂದ ದೂರ ಮಾಡಬೇಕಾಗಿಲ್ಲ.

ದುಂಡಗೆ ನಾಣ್ಯದಂತೆ ಕೂದಲು ಹೋದ ಜಾಗ. ಇದು ಗಜಕರ್ಣವಿರಬಹುದು. ಹುಳುವಲ್ಲ, ಒಂದು ಜಾತಿಯ ಬೂಷ್ಟು. ಮಕ್ಕಳಿಗೆ, ಬೆಕ್ಕಿಗೆ ಅಂಟುತ್ತದೆ. ಆದಷ್ಟು ಬೇಗ ವೈದ್ಯರಿಗೆ ತೋರಿಸಿ.

ಪಾದದ ಬೆರಳ ಸಂದು, ಕಂಕುಳು, ಕಿವಿಯ ಒಳಗೆ, ಮುಖ. ಸದಾ ಪಾದ ನೆಕ್ಕುವುದು, ಮುಖವನ್ನು ಚಾಪೆಗೆ ಉಜ್ಜುವುದು, ಪದೇ ಪದೇ ಕಿವಿ ಸೋರುವುದು, ಇವು ಅಲರ್ಜಿಯ ಲಕ್ಷಣಗಳು. ತಿಳಿ ಬಣ್ಣದ ನಾಯಿಯಾದರೆ ನೆಕ್ಕಿ ನೆಕ್ಕಿ ಪಾದದ ಕೂದಲು ತುಕ್ಕು ಹಿಡಿದ ಹಾಗೆ ಕೆಂಪಾಗಿರುತ್ತದೆ.

ಹಳಸಿದ ಎಣ್ಣೆಯ ವಾಸನೆ. ಮೈ ಜಿಡ್ಡು ಜಿಡ್ಡಾಗಿ, ಚರ್ಮ ಆನೆಯ ಚರ್ಮದಂತೆ ದಪ್ಪಗೆ ಕಪ್ಪಾಗಿ ಹೀಗೆ ವಾಸನೆ ಬಂದರೆ ಒಂದು ಬಗೆಯ ಯೀಸ್ಟ್ ಬೆಳೆದಿರುವ ಸಾಧ್ಯತೆ ಹೆಚ್ಚು. ಹುಳಿಯುವ ದೋಸೆ ಹಿಟ್ಟಿನಲ್ಲೂ ಯೀಸ್ಟ್ ಇರುತ್ತದೆ ತಾನೇ? ಅದೇ ಬಳಗದ್ದು ಇದು. ನಮ್ಮ ಮಲೆನಾಡಿನ ಜೂನ್, ಜುಲೈ, ಆಗಸ್ಟ್ ತಿಂಗಳು ಇದಕ್ಕೆ ಹಬ್ಬ. ಪಗ್ ನಾಯಿಯ ಮುಖದ ಮಡಿಕೆಯಲ್ಲೂ, ಲ್ಯಾಬ್ರಡಾರಿನ ಜೋತು ಕಿವಿಯಲ್ಲೂ ತೇವ ನಿಂತು ಹೆಚ್ಚುತ್ತದೆ. ಮುಧೋಳದಂಥ ಚಿಕ್ಕ ಕೂದಲಿನ ನಾಯಿ ಬೇಗ ಒಣಗುತ್ತದೆ, ಗಾಯವಾದರೂ ಬೇಗ ಕಣ್ಣಿಗೆ ಬೀಳುತ್ತದೆ. ದಟ್ಟ ಕೂದಲಿನ ಜರ್ಮನ್ ಶೆಫರ್ಡ್, ಪೊಮೇರಿಯನ್ ಸಾಕಿದವರು ಕೂದಲು ಸರಿಸಿ ಬುಡ ನೋಡುವುದನ್ನು ರೂಢಿ ಮಾಡಿಕೊಳ್ಳಬೇಕು.

ಯಾವಾಗ?

ನಮ್ಮ ಮನೆಯ ಜಿಮ್ಮಿ ಬೀದಿಯಲ್ಲಿ ಸಿಕ್ಕಿದ ನಾಡನಾಯಿ. ಎರಡನೆಯ ವರ್ಷದಲ್ಲಿ ಅದಕ್ಕೆ ಪಾದ ನೆಕ್ಕುವ ಚಾಳಿ ಶುರುವಾಯಿತು. ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರಿನಲ್ಲೇ, ನೆಕ್ಕಿದ ದಿನ 'ಕೆ' ಎಂದು ಒಂದು ಅಕ್ಷರ ಬರೆಯತೊಡಗಿದೆ. ಮೂರು ವರ್ಷದ ಕ್ಯಾಲೆಂಡರು ಒಟ್ಟಿಗೆ ಹಿಡಿದು ನೋಡಿದರೆ ಗುಟ್ಟು ಹೊರಬಿತ್ತು. ಮಳೆ ಹಿಂದೆ ಸರಿದು ಹುಲ್ಲು ತೆನೆ ಬಿಡುವ ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ಸಾಲು ಸಾಲು 'ಕೆ'. ಬೇಸಿಗೆಯಲ್ಲಿ ಒಂದೂ ಇಲ್ಲ! ವೈದ್ಯರು ಕ್ಯಾಲೆಂಡರು ನೋಡಿ, "ಅಮ್ಮಾ, ನೀವು ಅರ್ಧ ಕೆಲಸ ಮುಗಿಸಿಕೊಂಡೇ ಬಂದಿದ್ದೀರಿ" ಅಂದರು.

ಹೀಗೆ ಋತು ಹಿಡಿದು ಬರುವುದು ಸಾಮಾನ್ಯವಾಗಿ ಪರಾಗದ ಅಲರ್ಜಿ. ವರ್ಷಪೂರ್ತಿ ಇದ್ದರೆ ಮನೆಯ ದೂಳಿನ ನುಸಿಯೋ ಆಹಾರವೋ ಇರಬಹುದು. ಗಾಳಿಯಲ್ಲಿ, ದೂಳಿನಲ್ಲಿ ಬರುವ ವಸ್ತುಗಳ ಅಲರ್ಜಿ ಹೆಚ್ಚಾಗಿ ನಾಯಿಗೆ ಆರು ತಿಂಗಳಿಂದ ಮೂರು ವರ್ಷದ ಒಳಗೆ ತಲೆ ಹಾಕುತ್ತದೆ. ಏಳೆಂಟು ವರ್ಷದ ನಾಯಿಗೆ ಇದ್ದಕ್ಕಿದ್ದಂತೆ ಕೂದಲು ಉದುರಿ, ಜೊತೆಗೆ ಬಾಯಾರಿಕೆ ಹೆಚ್ಚಿದರೆ ಅಥವಾ ಮೈ ಊದಿ ಮಂಕಾದರೆ ಹಾರ್ಮೋನಿನ ತೊಂದರೆ ಇದ್ದೀತು. ಅದಕ್ಕೆ ರಕ್ತಪರೀಕ್ಷೆ ಬೇಕು, ಮುಲಾಮಿನಿಂದ ಆಗುವಂಥದ್ದಲ್ಲ.

ಇನ್ನು ಯಾರಿಗೆ?

ಮನೆಯವರಿಗೂ ಮಣಿಕಟ್ಟು, ಹೊಟ್ಟೆಯ ಮೇಲೆ ಸಣ್ಣ ಗುಳ್ಳೆ ಎದ್ದು ತುರಿಸುತ್ತಿದ್ದರೆ ಅದು ದೊಡ್ಡ ಸುಳಿವು. ನಮ್ಮ ಬೀದಿಯಲ್ಲೇ ಹೀಗಾಯಿತು. ಆ ಮನೆಯ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಅವರ ರಾಜನಿಗೆ ಕಿವಿಯಿಂದ ಮೊಣಕೈವರೆಗೆ ಕೂದಲಿರಲಿಲ್ಲ. ಹುಡುಗಿಯ ಕೈಮೇಲೆ ಗುಳ್ಳೆ ಕಂಡದ್ದೇ ತಡ, ನಾಯಿಯನ್ನು ಘಟ್ಟದ ಕೆಳಗೆ ಬಿಟ್ಟು ಬರಲು ಗೋಣಿಚೀಲ ತಯಾರಾಯಿತು. ಹುಡುಗಿ ಮಾತ್ರ ಊಟ ಬಿಟ್ಟು ಕೂತಳು. ಅವಳು ಹೈಸ್ಕೂಲಿಗೆ ಹೋಗುವಾಗ ಮರಿಯಾಗಿ ತಂದ ನಾಯಿ ಅದು! ನಾವು ಒಂದಿಬ್ಬರು ಹೆಂಗಸರು ಹೋಗಿ, "ಹದಿನೈದು ದಿನ ತಾಳಿ, ಒಮ್ಮೆ ತೋರಿಸೋಣ" ಅಂದೆವು.

ವೈದ್ಯರು ಚರ್ಮವನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅಂಟು ಕಜ್ಜಿಯೇ. ಈ ಹುಳು ಒಂದೊಂದು ಸಲ ಪರೀಕ್ಷೆಯಲ್ಲಿ ಸಿಗದೆ ತಪ್ಪಿಸಿಕೊಳ್ಳುವುದೂ ಉಂಟಂತೆ. ಆಗ ಲಕ್ಷಣ ನೋಡಿಯೇ ಔಷಧ ಕೊಡುತ್ತಾರೆ. ರಾಜನನ್ನು ಹಿತ್ತಿಲ ಸೌದೆ ಕೊಟ್ಟಿಗೆಯಲ್ಲಿ ಬೇರೆ ಇಟ್ಟರು. ಮಾತ್ರೆ ನುಂಗಿಸಿದರು. ಹಾಸಿಗೆ ಬಟ್ಟೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿದರು. ನಾಯಿಯ ಈ ಹುಳು ಮನುಷ್ಯರ ಚರ್ಮದಲ್ಲಿ ವಂಶ ಬೆಳೆಸಲಾರದು, ನಾಯಿ ವಾಸಿಯಾದರೆ ನಮ್ಮ ತುರಿಕೆ ತಾನಾಗಿಯೇ ಇಳಿಯುತ್ತದೆ. ಹುಡುಗಿಯ ಗುಳ್ಳೆಯೂ ಹಾಗೆಯೇ ಹೋಯಿತು. ಅವಳು ತನ್ನ ವೈದ್ಯರಿಗೂ ಒಮ್ಮೆ ತೋರಿಸಿದ್ದಳು, ಗರ್ಭಿಣಿಯರು ಹಾಗೆ ಮಾಡುವುದೇ ಸರಿ. ಮಗುವಿನ ನಾಮಕರಣದ ಹೊತ್ತಿಗೆ ರಾಜನ ಕಿವಿಯ ಮೇಲೆ ಹೊಸ ಕೂದಲು ಬಂದಿತ್ತು.

ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಯಿಂದ ನರಳುವಂತೆ ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಬಿಡಲು ಹೊರಟವರಿಗೆ ಇದನ್ನೂ ಒಮ್ಮೆ ಹೇಳಿ ನೋಡಿ.

ದಯವಿಟ್ಟು ಇವನ್ನು ಹಚ್ಚಬೇಡಿ

ನಾಯಿಗೆ ಏನು ಹಚ್ಚಿದರೂ ಅದು ನೆಕ್ಕುತ್ತದೆ. ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಯಿತು ಅಂತಲೇ ಲೆಕ್ಕ. ಈ ಒಂದು ಮಾತು ನೆನಪಿದ್ದರೆ ಮುಂದಿನದು ತಾನಾಗಿ ಅರ್ಥವಾಗುತ್ತದೆ.

ಸೀಮೆಎಣ್ಣೆ, ಗಾಡಿಯ ಸುಟ್ಟ ಎಂಜಿನ್ ಎಣ್ಣೆ ಹಚ್ಚುವುದು ನಮ್ಮ ಊರುಗಳಲ್ಲಿ ಹಳೇ ಪದ್ಧತಿ. ಸೀಮೆಎಣ್ಣೆ ಚರ್ಮವನ್ನು ಸುಡುತ್ತದೆ, ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಕುತ್ತು. ಎಂಜಿನ್ ಎಣ್ಣೆಯಲ್ಲಿ ವಿಷವಸ್ತುಗಳಿವೆ.

ಫಿನಾಯಿಲ್ ನೆಲಕ್ಕೆ, ನಾಯಿಯ ಮೈಗಲ್ಲ. ನೆಲಕ್ಕೆ ಹಾಕಿದರೂ ಒಣಗುವವರೆಗೆ ನಾಯಿಯನ್ನು ಬಿಡಬೇಡಿ. ಹಸಿ ಫಿನಾಯಿಲ್ ಮೇಲೆ ನಡೆದು ಪಾದ ಉರಿದು ನೆಕ್ಕುವ ನಾಯಿಗಳೂ ಇವೆ.

ಹೊಲಕ್ಕೆ ಹೊಡೆಯುವ ಕೀಟನಾಶಕವನ್ನು ಚಿಗಟಕ್ಕೆಂದು ಎಂದೂ ಬಳಸಬೇಡಿ.

ದನಗಳಿಗೆ ಕೊಡುವ ಐವರ್ಮೆಕ್ಟಿನ್ ಚುಚ್ಚುಮದ್ದನ್ನು ಅಂಗಡಿಯಿಂದ ತಂದು ಅಂದಾಜಿನ ಮೇಲೆ ಕೊಡುವವರಿದ್ದಾರೆ. ವೈದ್ಯರ ಕೈಯಲ್ಲಿ ಅದು ಒಳ್ಳೆಯ ಔಷಧವೇ. ಆದರೆ ಪ್ರಮಾಣ ತಪ್ಪಿದರೆ ಅಪಾಯ. ಕೋಲಿ ಮತ್ತು ಅದರ ಬಳಗದ ಅನೇಕ ನಾಯಿಗಳಿಗೆ ಹುಟ್ಟಿನಿಂದಲೇ ಅದು ಒಗ್ಗುವುದಿಲ್ಲ, ಮಿದುಳಿಗೆ ಏರುತ್ತದೆ.

ನಮ್ಮ ಕಪಾಟಿನ ಮುಲಾಮುಗಳೂ ಬೇಡ. ಸ್ಟೀರಾಯ್ಡ್ ಬೆರೆತ ಮುಲಾಮು ಎರಡು ದಿನ ತುರಿಕೆ ಇಳಿಸಿ ಮೋಸ ಮಾಡುತ್ತದೆ. ಒಳಗೆ ಡೆಮೊಡೆಕ್ಸ್ ಹುಳುವೋ ಗಜಕರ್ಣವೋ ಇದ್ದರೆ ಇನ್ನೂ ಹರಡುತ್ತದೆ. ನೆಗಡಿ ಔಷಧ ಬೆರೆತ ಅಲರ್ಜಿ ಮಾತ್ರೆ, ನೋವಿನ ಮಾತ್ರೆ ನಾಯಿಗೆ ವಿಷವಾಗಬಹುದು.

"ಬೇವು ಸಹಜವಾದದ್ದಲ್ಲವೇ?" ಎಂದು ಕೇಳುತ್ತೀರಿ. ಬೇವಿನೆಣ್ಣೆಯನ್ನು ಹಾಗೇ ಮೈತುಂಬ ಹಚ್ಚಿದರೆ ನೆಕ್ಕಿ ವಾಂತಿಯಾದೀತು. ಬೇವಿನೆಲೆ ಕುದಿಸಿದ ನೀರಲ್ಲಿ ಮೈ ತೊಳೆದರೆ ಕೊಂಚ ಹಿತವೆನಿಸಬಹುದು, ಆದರೆ ಚರ್ಮದೊಳಗಿನ ಕಜ್ಜಿಹುಳು ಅದರಿಂದ ಸಾಯುತ್ತದೆಂದು ನಂಬಿ ತಿಂಗಳುಗಟ್ಟಲೆ ಕಾಯಬೇಡಿ. ಟೀ ಟ್ರೀ ಎಣ್ಣೆಯಂತೂ ನಾಯಿಗೂ ಬೆಕ್ಕಿಗೂ ವಿಷ.

ಮನೆಯಲ್ಲೇ ಮಾಡಬಹುದಾದ ಆರೈಕೆ

ಸ್ನಾನ: ನಾವು ಹಚ್ಚುವ ಸೋಪು ನಾಯಿಯ ಚರ್ಮಕ್ಕೆ ಹೊಂದುವುದಿಲ್ಲ, ಒಣಗಿಸಿ ತುರಿಕೆ ಹೆಚ್ಚಿಸುತ್ತದೆ. ನಾಯಿಯ ಶ್ಯಾಂಪೂನೇ ಬಳಸಿ. ವೈದ್ಯರು ಔಷಧದ ಶ್ಯಾಂಪೂ ಬರೆದುಕೊಟ್ಟಿದ್ದರೆ ಹಚ್ಚಿದ ಕೂಡಲೇ ತೊಳೆಯಬೇಡಿ. ಗಡಿಯಾರ ನೋಡಿ 10 ನಿಮಿಷ ಬಿಡಿ, ಇಲ್ಲದಿದ್ದರೆ ದುಡ್ಡು ಬಚ್ಚಲಿಗೆ ಹೋದ ಹಾಗೆ. ಉಗುರುಬೆಚ್ಚಗಿನ ಅಥವಾ ತಣ್ಣೀರು ಇರಲಿ. ಬಿಸಿನೀರು ಕೆರೆತವನ್ನು ಕೆರಳಿಸುತ್ತದೆ.

ಓಟ್ಸ್ ನೀರು: ಅಲರ್ಜಿಯ ಉರಿಗೆ ಇದು ತಂಪು. ಏನೂ ಬೆರೆಸದ ಒಂದು ಬಟ್ಟಲು ಓಟ್ಸನ್ನು ಮಿಕ್ಸಿಯಲ್ಲಿ ಮೈದಾ ಹಿಟ್ಟಿನಂತೆ ನುಣ್ಣಗೆ ಪುಡಿ ಮಾಡಿ. ಒಂದು ಚಮಚ ಪುಡಿಯನ್ನು ಲೋಟ ನೀರಿಗೆ ಹಾಕಿದರೆ ನೀರು ಹಾಲಿನಂತೆ ಬೆಳ್ಳಗಾಗಬೇಕು, ತಳಕ್ಕೆ ಕೂತರೆ ಇನ್ನೂ ಪುಡಿ ಮಾಡಿ. ಆ ಪುಡಿಯನ್ನು ಅರ್ಧ ಬಕೆಟ್ ತಣ್ಣನೆಯ ನೀರಿನಲ್ಲಿ ಕಲಸಿ, ತುರಿಕೆಯ ಜಾಗದ ಮೇಲೆ ಹತ್ತು ನಿಮಿಷ ಮಗ್ಗಿನಿಂದ ಹೊಯ್ಯುತ್ತಿರಿ. ಆಮೇಲೆ ತೊಳೆದು ಒತ್ತಿ ಒರೆಸಿ, ಉಜ್ಜಬೇಡಿ. ಕೀವು, ತೆರೆದ ಗಾಯ ಇದ್ದರೆ ಬೇಡ. ಇದು ಉಪಶಮನ ಮಾತ್ರ, ಚಿಕಿತ್ಸೆಯಲ್ಲ.

ಉಪ್ಪುನೀರು: ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಎರಡು ಸಣ್ಣ ಚಮಚ ಉಪ್ಪು. ರಸಿಕೆ ಒಸರುವ ಜಾಗವನ್ನು ಹತ್ತಿಯಿಂದ ಒರೆಸಲು ಚೆನ್ನ. ದಟ್ಟ ಕೂದಲಿನ ನಾಯಿಗೆ ಮಳೆಗಾಲದಲ್ಲಿ ರಾತ್ರಿ ಬೆಳಗಾಗುವುದರಲ್ಲಿ ಅಂಗೈ ಅಗಲ ಹಸಿಗಾಯವಾಗುತ್ತದಲ್ಲ, ಅಲ್ಲಿ ಸುತ್ತಲಿನ ಕೂದಲು ಕತ್ತರಿಸಿ ಗಾಳಿಯಾಡಲು ಬಿಡುವುದು ಮೊದಲ ಕೆಲಸ. ಅರಿಶಿನ ಮೆತ್ತಿ ಮುಚ್ಚಿಬಿಟ್ಟರೆ ಕೆಳಗೆ ಕೀವು ಕಟ್ಟುತ್ತದೆ.

ಪಾದ: ತಿರುಗಾಡಿಸಿ ಬಂದ ಕೂಡಲೇ ನಾಲ್ಕೂ ಪಾದವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಬೆರಳ ಸಂದು ಒಣಗಿಸಿ. ಪರಾಗದ ಅಲರ್ಜಿಗೆ ಖರ್ಚಿಲ್ಲದ ಉಪಾಯ ಇದು. ಪಾರ್ಥೇನಿಯಂ ಗಿಡ ಮನುಷ್ಯರಿಗೆ, ದನಗಳಿಗೆ ಚರ್ಮದ ಉರಿ ತರುತ್ತದೆ. ಅದು ಬೆಳೆದ ಖಾಲಿ ಸೈಟುಗಳಿಗೆ ನಾಯಿಯನ್ನು ಬಿಡದಿರುವುದೇ ಲೇಸು.

ಚಿಗಟ: ನಾಯಿಯ ಮೈಮೇಲೆ ಕಾಣುವುದು ಸ್ವಲ್ಪವೇ. ಮೊಟ್ಟೆ, ಮರಿಹುಳು, ಗೂಡು ಎಲ್ಲ ಚಾಪೆ, ಸೋಫಾ, ನೆಲದ ಬಿರುಕಿನಲ್ಲಿರುತ್ತವೆ. ಮೊಟ್ಟೆಯಿಂದ ಹೊಸ ಚಿಗಟವಾಗಲು ಬೆಚ್ಚಗಿನ ದಿನಗಳಲ್ಲಿ ಎರಡು ಮೂರು ವಾರ ಸಾಕು. ಗೂಡಿನೊಳಗಿನದು ತಿಂಗಳುಗಟ್ಟಲೆ ಕಾದು ಕೂತೀತು. ಆದ್ದರಿಂದ ನಾಯಿಗೆ ಔಷಧ, ಮನೆಯ ಬೆಕ್ಕಿಗೂ ಅದಕ್ಕೆ ತಕ್ಕ ಔಷಧ, ವಾರಕ್ಕೊಮ್ಮೆ ಹಾಸಿಗೆ ಬಟ್ಟೆಗೆ ಬಿಸಿನೀರು ಮತ್ತು ಬಿಸಿಲು, ದಿನವೂ ಮೂಲೆ ಮೂಲೆ ಗುಡಿಸುವುದು, ಇಷ್ಟೂ ಒಟ್ಟಿಗೆ ಎರಡು ಮೂರು ತಿಂಗಳು ನಡೆಯಬೇಕು. ಒಂದು ಎಚ್ಚರಿಕೆ: ನಾಯಿಗೆ ಹಾಕುವ ಪರ್ಮೆಥ್ರಿನ್ ಇರುವ ಔಷಧ ಬೆಕ್ಕನ್ನು ಕೊಲ್ಲಬಲ್ಲದು.

ಉಣುಗು: ಕಿವಿಯ ಒಳಗೆ, ಬೆರಳ ಸಂದಿನಲ್ಲಿ, ಕೊರಳಪಟ್ಟಿಯ ಕೆಳಗೆ ದಿನವೂ ಹುಡುಕಿ. ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆದು, ಸೋಪಿನ ನೀರಿಗೆ ಹಾಕಿ. ಬೆಂಕಿಕಡ್ಡಿ ತಾಗಿಸಬೇಡಿ, ಬೆರಳಲ್ಲಿ ಹಿಚುಕಬೇಡಿ. ರಕ್ತ ಕುಡಿದು ಉಬ್ಬಿದ ಒಂದು ಹೆಣ್ಣು ಗೋಡೆ ಸಂದಿಗೆ ಹೋಗಿ ಸಾವಿರಾರು ಮೊಟ್ಟೆ ಇಡುತ್ತದೆ. ಉಣುಗಿನಿಂದ ಬರುವ ಜ್ವರ ಚರ್ಮರೋಗಕ್ಕಿಂತ ಭಯಂಕರ. ನಾಯಿ ಊಟ ಬಿಟ್ಟು, ಮೈ ಸುಟ್ಟು, ಒಸಡು ಬೆಳ್ಳಗಾಗಿದ್ದರೆ ಅವತ್ತೇ ಆಸ್ಪತ್ರೆಗೆ ಒಯ್ಯಿರಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆಯನ್ನು ಹರಡುವುದು ಮುಖ್ಯವಾಗಿ ಕಾಡಿನ ಉಣುಗು. ಕಾಡಂಚಿನ ಮನೆಯವರು ನಾಯಿಯನ್ನು ಕಾಡಿಗೆ ಅಡ್ಡಾಡಲು ಬಿಡದಿದ್ದರೆ ಎಲ್ಲರಿಗೂ ಕ್ಷೇಮ.

ಆಹಾರದ ಪರೀಕ್ಷೆ: ಇಡೀ ಮನೆಯ ವ್ರತ

ನಾಯಿಗಳ ಆಹಾರದ ಅಲರ್ಜಿಯಲ್ಲಿ ಹೆಚ್ಚಾಗಿ ಹೆಸರು ಕೇಳಿಬರುವುದು ದನದ ಮಾಂಸ, ಹಾಲಿನ ಪದಾರ್ಥ, ಕೋಳಿ ಮತ್ತು ಗೋಧಿ. ನಾವು ಹಾಕುವ ಮೊಸರನ್ನ, ಚಪಾತಿ, ಬಿಸ್ಕತ್ತು, ಕೋಳಿಯ ಅಂಶವಿರುವ ಪೊಟ್ಟಣದ ಆಹಾರ, ಎಲ್ಲ ಈ ಪಟ್ಟಿಯಲ್ಲೇ ಬಂತು! ಹಾಗಂತ ಕೆರೆಯುವ ನಾಯಿಗಳಿಗೆಲ್ಲ ಮೊಸರು ನಿಲ್ಲಿಸಿ ಎಂದಲ್ಲ. ಆಹಾರದ ಅಲರ್ಜಿಯನ್ನು ರಕ್ತಪರೀಕ್ಷೆ ನಂಬುವಷ್ಟು ಸರಿಯಾಗಿ ಹೇಳಲಾರದು. ಇರುವ ನಂಬಿಕೆಯ ದಾರಿ ಒಂದೇ, ಪಥ್ಯ.

ನಾಯಿ ಇದುವರೆಗೆ ತಿನ್ನದೇ ಇರುವ ಒಂದು ಪ್ರೋಟೀನು, ಒಂದು ಪಿಷ್ಟ ಆರಿಸಿಕೊಳ್ಳಬೇಕು. ಕೋಳಿ ಅನ್ನದ ಮೇಲೆ ಬೆಳೆದ ನಾಯಿಗೆ ಮೀನು ಮತ್ತು ಆಲೂಗಡ್ಡೆ ಆಗಬಹುದು. ಮನೆಯಲ್ಲಿ ಮೀನು ಮಾಂಸ ತರದವರಿಗೆ ಇದಕ್ಕೆಂದೇ ತಯಾರಾದ ಪೊಟ್ಟಣದ ಆಹಾರವಿದೆ, ಬೆಲೆ ಮಾತ್ರ ಜಾಸ್ತಿ. ಯಾವುದೆಂದು ನಾಯಿಯ ಊಟದ ಚರಿತ್ರೆ ಕೇಳಿ ವೈದ್ಯರು ತೀರ್ಮಾನಿಸಲಿ. ಎಂಟು ವಾರ ಅದೊಂದೇ, ಮತ್ತು ನೀರು. ಕೆರೆತ ಇಳಿದರೆ ಹಳೆಯ ಊಟ ಮತ್ತೆ ಕೊಟ್ಟು ನೋಡುತ್ತಾರೆ. ಎರಡು ವಾರದೊಳಗೆ ಕೆರೆತ ಮರಳಿದರೆ ಕಳ್ಳ ಸಿಕ್ಕಿಬಿದ್ದ.

ಕೇಳಲು ಸುಲಭ, ನಡೆಸಲು ಕಷ್ಟ. ನಾಯಿಯೇನೋ ಹಾಕಿದ್ದು ತಿನ್ನುತ್ತದೆ, ಮನೆಯವರೇ ಕೇಳುವುದಿಲ್ಲ! ಅತ್ತೆಯವರು ಕಾಫಿ ಜೊತೆ ಒಂದು ಬಿಸ್ಕತ್ತು ಹಾಕುತ್ತಾರೆ, ಮಗ ತನ್ನ ಚಪಾತಿ ತುಂಡು ಜಾರಿಸುತ್ತಾನೆ, ಪಕ್ಕದ ಮನೆಯ ಮಗು ಪ್ರೀತಿಯಿಂದ ಬನ್ನು ಕೊಡುತ್ತದೆ. ಒಂದು ತುಂಡು ಬಿದ್ದರೂ ಅಷ್ಟು ದಿನದ ಶ್ರಮ ವ್ಯರ್ಥ. ಮಾಂಸದ ರುಚಿ ಬೆರೆಸಿದ ಮಾತ್ರೆಯಿಂದಲೂ ಪಥ್ಯ ಕೆಡುತ್ತದೆ. ಮೊದಲ ದಿನವೇ ಎಲ್ಲರನ್ನೂ ಕೂರಿಸಿ ಹೇಳಿ, ತಟ್ಟೆಯ ಹತ್ತಿರ ಒಂದು ಚೀಟಿ ಅಂಟಿಸಿ. ಗೆದ್ದ ಮೇಲೂ ಮನೆ ಅಡುಗೆಯನ್ನೇ ಮುಂದುವರಿಸುವುದಾದರೆ ಜೀವಸತ್ವ, ಸುಣ್ಣದ ಅಂಶ ಎಷ್ಟು ಸೇರಿಸಬೇಕೆಂದು ಕೇಳಿಕೊಳ್ಳಿ.

ಪಥ್ಯ ಇರಲಿ ಬಿಡಲಿ, ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟು ಯಾವ ನಾಯಿಗೂ ಬೇಡ. ಪಾಯಸದ ಒಣದ್ರಾಕ್ಷಿಯೂ ಸೇರಿತು ಅನ್ನಿ.

ವೈದ್ಯರ ಹತ್ತಿರ ಹೋಗುವಾಗ

ಹಿಂದಿನ ದಿನ ಸ್ನಾನ ಮಾಡಿಸಬೇಡಿ, ಎಣ್ಣೆ ಹಚ್ಚಬೇಡಿ, ಸುಳಿವು ಅಳಿಸಿಹೋಗುತ್ತದೆ. ಕ್ಯಾಲೆಂಡರು, ಹಳೆಯ ಚೀಟಿ, ಹಾಕಿದ ಔಷಧದ ಖಾಲಿ ಡಬ್ಬಿ, ಊಟದ ಪಟ್ಟಿ ಜೊತೆಗಿರಲಿ. "ಚರ್ಮ ಕೆರೆದು ಪರೀಕ್ಷೆ ಮಾಡಬಹುದೇ?" ಎಂದು ಸಂಕೋಚವಿಲ್ಲದೆ ಕೇಳಿ. ಊರಿನಲ್ಲಿ ಸೌಕರ್ಯ ಇಲ್ಲದಿದ್ದರೆ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರಿನ ಪಶುವೈದ್ಯ ಕಾಲೇಜುಗಳ ಆಸ್ಪತ್ರೆಗಳಿವೆ.

ಈಚಿನ ವರ್ಷಗಳಲ್ಲಿ ಔಷಧಗಳು ಬಹಳ ಸುಧಾರಿಸಿವೆ. ಅಫಾಕ್ಸೊಲೇನರ್, ಫ್ಲೂರಲೇನರ್ ಗುಂಪಿನ ಮಾತ್ರೆಗಳು 2013ರಿಂದೀಚೆಗೆ ಬಂದವು. ಒಂದೇ ಮಾತ್ರೆ ಚಿಗಟ, ಉಣುಗು ಎರಡಕ್ಕೂ ಆಗುತ್ತದೆ, ಕಜ್ಜಿಹುಳುವಿಗೂ ವೈದ್ಯರು ಕೊಡುತ್ತಾರೆ. ನಿಮ್ಮ ನಾಯಿಗೆ ಫಿಟ್ಸ್ ಬಂದ ಇತಿಹಾಸವಿದ್ದರೆ ಮಾತ್ರ ಮೊದಲೇ ಹೇಳಿಬಿಡಿ. ಈ ಗುಂಪಿನ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2018ರಲ್ಲಿ ಅಂಥ ಎಚ್ಚರಿಕೆ ಕೊಟ್ಟಿದೆ. ಅಲರ್ಜಿಯ ತುರಿಕೆಗೂ ಸ್ಟೀರಾಯ್ಡ್ ಅಲ್ಲದ ಮಾತ್ರೆಗಳು ಈಗ ಇವೆ. ಸ್ಟೀರಾಯ್ಡೇ ಬರೆದರೆ ಹೆದರಬೇಡಿ, ಆದರೆ ಹಳೆ ಚೀಟಿ ತೋರಿಸಿ ನೀವೇ ಮತ್ತೆ ಮತ್ತೆ ತರಬೇಡಿ. ಬಾಯಾರಿಕೆ, ಮೂತ್ರ ಹೆಚ್ಚುವುದು, ಹೊಟ್ಟೆ ಜೋತುಬೀಳುವುದು, ಚರ್ಮ ತೆಳುವಾಗುವುದು ಅದರ ಅತಿಬಳಕೆಯ ಫಲ. ಕೀವಿಗೆ ಕೊಟ್ಟ ಆಂಟಿಬಯಾಟಿಕ್ಕನ್ನು ಗಾಯ ಒಣಗಿತೆಂದು ಮಧ್ಯೆ ನಿಲ್ಲಿಸಬೇಡಿ.

ಒಂದು ಮಾತು ಮೊದಲೇ ತಿಳಿದಿರಲಿ. ಕಜ್ಜಿಹುಳು, ಗಜಕರ್ಣ, ಕೀವು ವಾಸಿಯಾಗುತ್ತವೆ. ಅಲರ್ಜಿ ಹಾಗಲ್ಲ. ಅತ್ತೆಯವರ ಸಕ್ಕರೆ ಕಾಯಿಲೆಯ ಹಾಗೆ ಅದನ್ನು ಹತೋಟಿಯಲ್ಲಿಟ್ಟು ಬದುಕಿಸಬೇಕು. ನಮ್ಮ ಜಿಮ್ಮಿಗೆ ಅಕ್ಟೋಬರ್ ಬಂತೆಂದರೆ ದಿನಕ್ಕೆರಡು ಸಲ ಪಾದ ಒರೆಸುವುದು, ವಾರಕ್ಕೊಂದು ಶ್ಯಾಂಪೂ, ತೀರಾ ಹೆಚ್ಚಾದರೆ ಕೆಲವು ದಿನ ಮಾತ್ರೆ. ಡಿಸೆಂಬರ್ ಹೊತ್ತಿಗೆ ಎಲ್ಲ ಶಾಂತ. "ಇನ್ನೂ ಪೂರ್ತಿ ಹೋಗಲಿಲ್ಲವಲ್ಲ" ಎಂದು ಮೂರು ತಿಂಗಳಿಗೊಮ್ಮೆ ವೈದ್ಯರನ್ನು ಬದಲಿಸುವುದರಿಂದ ದುಡ್ಡು ಹಾಳೇ ಹೊರತು ಲಾಭವಿಲ್ಲ.

ಈ ಸಂಚಿಕೆ ಓದಿ ಮುಗಿಸಿದ ಮೇಲೆ ಒಂದು ಐದು ನಿಮಿಷ ಬಿಡುವು ಮಾಡಿಕೊಳ್ಳಿ. ಬೆಳಕಿರುವ ಕಡೆ ನಿಮ್ಮ ನಾಯಿಯನ್ನು ಮಲಗಿಸಿ ಕಿವಿ, ಕಂಕುಳು, ಹೊಟ್ಟೆ, ಬಾಲದ ಬುಡ, ಬೆರಳ ಸಂದು ಇಷ್ಟನ್ನೂ ನೋಡಿ. ಅನುಮಾನ ಬಂದರೆ ಗೋಡೆಯ ಕ್ಯಾಲೆಂಡರಿನಲ್ಲಿ ಇವತ್ತಿನ ದಿನಕ್ಕೇ ಒಂದು ಗುರುತು ಹಾಕಿ. ಸೀಮೆಎಣ್ಣೆ ಡಬ್ಬಿ ಹುಡುಕುವವರು ಮನೆಯಲ್ಲಿ ಯಾರಾದರೂ ಇದ್ದರೆ ಅವರಿಗೂ ಈ ಪುಟ ಓದಿ ಹೇಳಿ.